ಗುರುಪಾದನ ಯೂಸ್ಡ್ ಟು

ಹೋಳಿ ಹಬ್ಬಕ್ಕೆ ಇನ್ನೂ ಒಂದು ವಾರವಿರುವಾಗ ದೆಹಲಿಯ ಬಿಸಿಲು ಬಹಳ ಹಿತವಾಗಿರುತ್ತದೆ. ಅಂಥದೊಂದು ಭಾನುವಾರ, ಮಯೂರ್ ವಿಹಾರದ ನಮ್ಮ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಅರೆನಿದ್ದೆಯಲ್ಲಿದ್ದೆ. ಪಕ್ಕದಲ್ಲಿ ಮಗಳು ಇರಾ ಮಸಾಲೆ ಮಜ್ಜಿಗೆಯ ಪೊಟ್ಟಣಕ್ಕೆ ಸ್ಟ್ರಾ ಚುಚ್ಚಿ ಹೀರುತ್ತ ಹೋಮ್‌ವರ್ಕ್ ಮಾಡುತ್ತಿದ್ದಳು. ಹುರಿದ ಜೀರಿಗೆಯ ವಾಸನೆ ಬಂದು ಬಂದು ಹೋಗುತ್ತಿತ್ತು.

“ಪಪ್ಪಾ, ಯೂಸ್ಡ್ ಟು ಹಾಕಿ ಐದು ಸೆಂಟೆನ್ಸ್ ಬರೀಬೇಕು. ನಾಲ್ಕು ಹೋ ಗಯೇ. ಒಂದು ಹೇಳಿ ನಾ.”

ಹಿಂದೆ ರೂಢಿಯಿತ್ತು, ಈಗಿಲ್ಲ ಎನ್ನುವುದಕ್ಕೆ ಇಂಗ್ಲಿಷಿನವರು ಇಟ್ಟುಕೊಂಡಿರುವ ಮಾತು ಅದು. ಕಣ್ಣು ತೆರೆಯದೆಯೇ ಹೇಳಿದೆ: “ಮೈ ಫಾದರ್ ಯೂಸ್ಡ್ ಟು ಹ್ಯಾವ್ ಎ ಫ್ರೆಂಡ್ ಅಂತ ಬರ್ಕೋ.”

ಬರೆದುಕೊಂಡು ಕೇಳಿದಳು, “ಈಗ ಕ್ಯೂಂ ನಹೀ? ಜಗಳ ಆಯ್ತಾ?”

ಜಗಳವೇನೂ ಆಗಿರಲಿಲ್ಲ. ಆಗಿದ್ದರೇ ಚೆನ್ನಾಗಿತ್ತು, ರಾಜಿಯಾದರೂ ಆಗಬಹುದಿತ್ತು.

ಅವನ ಹೆಸರು ಗುರುಪಾದ. ಗದಗಿನ ಕಡೆಯವನು. ಹದಿನೈದು ವರ್ಷದ ಹಿಂದೆ ಓಲ್ಡ್ ರಾಜಿಂದರ್ ನಗರದ ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ನಾವಿಬ್ಬರೂ ಸಿವಿಲ್ ಸರ್ವಿಸ್ ಪರೀಕ್ಷೆಗೆ ಓದುತ್ತಿದ್ದೆವು. ಓದು ಸಾಕಾದಾಗ ತಾರಸಿಗೆ ಹೋಗಿ ನೀರಿನ ಟ್ಯಾಂಕಿಗೆ ಒರಗಿ ಕೂರುವುದು, ಯಾರದೋ ಗಾಳಿಪಟ ನೋಡುತ್ತ ನಾವು ಕಲೆಕ್ಟರ್ ಆದಮೇಲೆ ಏನೇನು ಮಾಡುತ್ತೇವೆಂದು ಮಾತಾಡುವುದು. ನೀವು ನಗಬಹುದು, ನಾನು ಇಡೀ ಒಂದು ಜಿಲ್ಲೆಯ ಕೆರೆಗಳ ಹೂಳೆತ್ತಿಸಿದ್ದು ಆ ಟ್ಯಾಂಕಿನ ನೆರಳಿನಲ್ಲೇ.

ಗುರುಪಾದನಿಗೆ ಏನು ಕಂಡರೂ “ಚಲೋ ಐತಿ.” ಬಂದ ಹೊಸತರಲ್ಲಿ ಒಮ್ಮೆ ಆಟೋ ಹತ್ತಿ ಕೂತವನೇ ಮೆತ್ತನೆಯ ಸೀಟು ತಟ್ಟಿ “ಚಲೋ” ಎಂದ. ಹಾಗಂದರೆ ಆ ಕಡೆಯವರಿಗೆ ಚೆನ್ನಾಗಿದೆ ಅಂತ, ದೆಹಲಿಯವರಿಗೆ ಹೊರಡು ಅಂತ. ಆಟೋ ಭಯ್ಯಾ ಹೊರಟೇಬಿಟ್ಟ. ನಾನು ಚೀಲ ಹಿಡಿದುಕೊಂಡು ರಸ್ತೆಯಲ್ಲೇ ನಿಂತಿದ್ದೆ.

ಅವನಿಗೆ ತಲೆನೋವಾಗಿದ್ದದ್ದು ಇಂಗ್ಲಿಷು. ನಮ್ಮ ಕನ್ನಡ ನೋಡಿ, ಎಷ್ಟು ಧಾರಾಳ! ‘ಅಪ್ಪ ಕುಡಿಯುತ್ತಿದ್ದ’ ಎಂದರೆ ಆ ಗಳಿಗೆಯಲ್ಲಿ ಕುಡಿಯುತ್ತಿದ್ದ ಎಂದೂ ಆಯಿತು, ದಿನಾ ಕುಡಿಯುತ್ತಿದ್ದ ಎಂದೂ ಆಯಿತು. ಗುರುಪಾದ ಅದನ್ನು ಹಾಗೇ ಎತ್ತಿ ಇಂಗ್ಲಿಷಿಗೆ ಹಾಕಿಬಿಡುತ್ತಿದ್ದ. ಕೋಚಿಂಗಿನಲ್ಲಿ ಎಲ್ಲರೆದುರು ಅಭ್ಯಾಸಕ್ಕೆಂದು ನಡೆಸುವ ಮಾಕ್ ಇಂಟರ್‌ವ್ಯೂನಲ್ಲಿ ಯಾರೋ ನಿವೃತ್ತ ಅಧಿಕಾರಿ, ನಿಮ್ಮ ಬಾಲ್ಯದ ಬೆಳಗುಗಳ ಬಗ್ಗೆ ಹೇಳಿ ಎಂದರು. ಇವನು ನೆಟ್ಟಗೆ ಕೂತು, “ಮೈ ಫಾದರ್ ವಾಸ್ ಡ್ರಿಂಕಿಂಗ್ ಎವೆರಿ ಮಾರ್ನಿಂಗ್, ಸರ್. ಮೈ ಮದರ್ ವಾಸ್ ಗಿವಿಂಗ್” ಎಂದ.

“ಡ್ರಿಂಕಿಂಗ್ ವಾಟ್?” ಎಂದರು ಅವರು, ಹುಬ್ಬೇರಿಸಿ.

ಮಜ್ಜಿಗೆ. ಹೊಲಕ್ಕೆ ಹೊರಡುವ ಮುಂಚೆ ಅವರಪ್ಪ ಒಂದು ತಂಬಿಗೆ ಮಜ್ಜಿಗೆ ಕುಡಿಯುವ ಕತೆ ನನಗೆ ಬಾಯಿಪಾಠವಾಗಿತ್ತು. ಪಾಪ, ಆ ಹೊತ್ತಿಗೆ ಮಜ್ಜಿಗೆಯ ಇಂಗ್ಲಿಷು ಅವನಿಗೆ ಹೊಳೆಯಲಿಲ್ಲ. ಹಿಂದಿನ ಸಾಲಿನಲ್ಲಿದ್ದ ನನ್ನ ಕಡೆ ತಿರುಗಿ ನೋಡಿದ. ಒಂದೇ ಒಂದು ಪದ ಪಿಸುಗುಟ್ಟಿದ್ದರೆ ಸಾಕಿತ್ತು. ಅಷ್ಟರಲ್ಲಿ ಅವನು “ವೈಟ್ ಥಿಂಗ್, ಸರ್” ಎಂದುಬಿಟ್ಟ. ಇಡೀ ಕೋಣೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಅಷ್ಟಕ್ಕೇ ನಿಲ್ಲಿಸದೆ ಸಂಜೆ ಚಹಾದಂಗಡಿಯಲ್ಲಿ ಅದನ್ನೇ ಅಭಿನಯಿಸಿ ತೋರಿಸಿದೆ. ಮೈಸೂರಿನ ಕಾನ್ವೆಂಟಿನಲ್ಲಿ ಓದಿದ ಕೊಬ್ಬು, ಇನ್ನೇನು!

ಅಂದು ತಾರಸಿಯಲ್ಲಿ ಅವನಿಗೆ ಪಾಠ ಹೇಳಲು ಹೋದೆ. “ವಾಸ್ ಡ್ರಿಂಕಿಂಗ್ ಅಲ್ಲ ಮಾರಾಯ, ಯೂಸ್ಡ್ ಟು ಡ್ರಿಂಕ್. ಆಗ ಇತ್ತು, ಈಗಿಲ್ಲ ಅಂತ ಅರ್ಥ. ಹೇಳು, ಮೈ ಫಾದರ್ ಯೂಸ್ಡ್ ಟು...”

“ನಾ ಅನ್ನೂದಿಲ್ಲ” ಎಂದ.

“ಯಾಕೋ?”

“ನಮ್ಮಪ್ಪ ಇನ್ನೂ ಗಟ್ಟಿ ಅದಾನ. ಇವತ್ತೂ ಮಜ್ಜಿಗಿ ಕುಡದಾನ. ನಿನ್ನ ಗ್ರಾಮರ್ ಸಲುವಾಗಿ ಅವನ್ನ ಸಾಯಿಸ್ಲೇನು?”

ಅದಕ್ಕೂ ನಕ್ಕೆ ನೋಡಿ. ಅವನು ಎದ್ದು ಕೆಳಗೆ ಹೋದ. ಆಮೇಲೆ ನನ್ನೆದುರು ಇಂಗ್ಲಿಷಿನ ಒಂದಕ್ಷರವನ್ನೂ ಆಡಲಿಲ್ಲ, ಕನ್ನಡವನ್ನೂ ಅಳೆದು ತೂಗಿ ಆಡಿದ. ಇಬ್ಬರೂ ಫೇಲಾದೆವು. ಅವನು ಊರಿಗೆ ಹೋಗಿ ಮೇಷ್ಟ್ರಾದ, ನಾನು ನೋಯ್ಡಾದ ಒಂದು ಆಫೀಸು ಸೇರಿದೆ. ತಪ್ಪಾಯಿತು ಎನ್ನಲು ನಾಲಿಗೆ ಏಳಲಿಲ್ಲ. ಹೊಸ ವರ್ಷಕ್ಕೆ ಅವನಿಗೊಂದು ಹೂವಿನ ಚಿತ್ರ ಕಳಿಸಿದರೆ ಅವನೂ ಒಂದು ಹೂವು ಕಳಿಸುತ್ತಿದ್ದ, ಅಷ್ಟೇ.

ಇರಾ ಕೇಳಿದ ಪ್ರಶ್ನೆ ಬಾಲ್ಕನಿಯಲ್ಲಿ ಇನ್ನೂ ಹಾಗೇ ಕೂತಿತ್ತು. ಫೋನು ಎತ್ತಿಕೊಂಡೆ. ನಾಲ್ಕನೇ ರಿಂಗಿಗೆ “ಹಲೋ” ಎಂದ, ಅದೇ ದನಿ.

“ಗುರು, ಮಜ್ಜಿಗೆಗೆ ಬಟರ್‌ಮಿಲ್ಕ್ ಅಂತಾರೆ ಕಣೋ” ಎಂದೆ. “ಅವತ್ತೇ ಹೇಳಬೇಕಿತ್ತು. ನಗಬಾರದಿತ್ತು. ತಪ್ಪಾಯ್ತು.”

ಅವನು ಗೊಳ್ಳೆಂದು ನಕ್ಕ. “ಹದಿನೈದು ವರ್ಷ ಹಿಡೀತೇನೋ ಇಷ್ಟು ಹೇಳಾಕ?”

ಎದೆ ಹಗುರವಾಯಿತು. ಆ ಸಲಿಗೆಯಲ್ಲೇ ಕೇಳಿದೆ, “ಅಪ್ಪಾರು ಹೇಗಿದ್ದಾರೆ?”

ಅವನು ಒಂದೊಂದೇ ಪದವನ್ನು ಬಿಡಿಸಿ, ಮಕ್ಕಳಿಗೆ ಹೇಳಿಕೊಡುವ ಹಾಗೆ ಹೇಳಿದ: “ಮೈ ಫಾದರ್ ಯೂಸ್ಡ್ ಟು ಡ್ರಿಂಕ್ ಬಟರ್‌ಮಿಲ್ಕ್ ಎವೆರಿ ಮಾರ್ನಿಂಗ್.”

ಒಂದೂ ತಪ್ಪಿರಲಿಲ್ಲ.

“ದೀಪಾವಳಿ ಆದ ವಾರಕ್ಕ ಹೋದ” ಎಂದ. “ಈಗ ಕರೆಕ್ಟ್ ಐತೇನಪಾ?”

ಅವನೊಮ್ಮೆ ತಪ್ಪು ಹೇಳಲಿ ಎಂದು ಅಷ್ಟು ಆಸೆಯಾದದ್ದು ಅದೇ ಮೊದಲು. ಬೇಸಿಗೆ ರಜೆಗೆ ಬರುತ್ತೇನೆ ಎಂದೆ. “ಬಾ, ಚಲೋ ಆತು” ಎಂದ.

ಫೋನಿಟ್ಟು ಇರಾಳ ಪುಸ್ತಕ ಎಳೆದುಕೊಂಡೆ. ಐದನೇ ವಾಕ್ಯದಲ್ಲಿ ‘ಯೂಸ್ಡ್ ಟು ಹ್ಯಾವ್’ ಎಂದಿದ್ದುದನ್ನು ಅವಳದೇ ರಬ್ಬರಿನಿಂದ ಉಜ್ಜಿ ಅಳಿಸಿ, ಆ ಜಾಗದಲ್ಲಿ ‘ಹ್ಯಾಸ್’ ಎಂದು ಬರೆದೆ.

“ಅರೇ ಪಪ್ಪಾ! ಹೋಮ್‌ವರ್ಕ್ ಇರೋದೇ ಯೂಸ್ಡ್ ಟು ಮೇಲೆ. ಮ್ಯಾಮ್ ರಾಂಗ್ ಹಾಕ್ತಾರೆ!”

“ಹಾಕಲಿ ಬಿಡು” ಎಂದೆ.