ಜಿಪ್ಪಕ್ಕ ಮತ್ತು ರೇಡಿಯೋ ತಾತನ ಜಾಕೆಟ್

ಓಣಿಯ ಮೂಲೆಯಂಗಡಿಯಲ್ಲಿ ಎರಡು ಮೇಜು. ಕಿಟಕಿ ಕಡೆಯದು ಗಂಡನದು, ಅದರ ಮೇಲೆ ಬರೀ ಬಟ್ಟೆ. ಬಾಗಿಲ ಕಡೆಯದು ಹೆಂಡತಿಯದು, ಅದರ ಮೇಲೆ ಬರೀ ಚರ್ಮ. ಹಿಡಿ ಕಿತ್ತ ಸೂಟ್‌ಕೇಸು, ತುಂಡಾದ ಬೆಲ್ಟು, ಹಲ್ಲುದುರಿದ ಜಿಪ್ಪು, ಏನು ತಂದರೂ ಅವಳು ಸರಿಮಾಡಿ ಕೊಡುತ್ತಿದ್ದಳು. ಹಾಗಾಗಿ ಊರಿಗೆಲ್ಲ ಅವಳು ಜಿಪ್ಪಕ್ಕ. ತನ್ನ ನಿಜವಾದ ಹೆಸರು ಈಗ ಗಂಡನಿಗೂ ನೆನಪಿಲ್ಲ ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು.

ಕೆಲಸ ಕಲಿಸಿದ್ದು ಅತ್ತೆ. ಆಕೆಯ ಬಾಯಿ ಜೋರು, ಕೈ ಅದಕ್ಕಿಂತ ಜೋರು. ಹೊಸ ಸೊಸೆಯ ಕಣ್ಣಿಗೆ ಬಟ್ಟೆ ಕಟ್ಟಿ ತೊಡೆಯ ಮೇಲೆ ಚರ್ಮದ ತುಂಡು ಹಾಕುತ್ತಿದ್ದರು. "ಹೇಳೇ, ಇದು ಆಡಿಂದೋ, ಕುರಿದೋ, ಕುದುರೆದೋ?" ತಪ್ಪು ಹೇಳಿದರೆ ತಲೆಗೊಂದು ಮೊಟಕು, ಸರಿ ಹೇಳಿದರೆ ಕೈಗೊಂದು ಲೋಟ ಟೀ. ವರ್ಷ ತುಂಬುವುದರೊಳಗೆ ಮೊಟಕು ನಿಂತು ಟೀ ಮಾತ್ರ ಉಳಿಯಿತು.

ಹಳೇ ಯುದ್ಧಕಾಲದ ಸಾಮಾನು ಕೂಡಿಡುವ ಹುಚ್ಚಿದ್ದ ವಕೀಲರೊಬ್ಬರು ಒಂದು ದಿನ ವಿಮಾನದವರ ಚರ್ಮದ ಜಾಕೆಟ್ ತಂದರು. ಜಿಪ್ಪು ಸಿಕ್ಕಿಕೊಂಡಿತ್ತು. ಜಿಪ್ಪಕ್ಕ ಅದನ್ನು ಒಮ್ಮೆ ಮೂಸಿ, ಒಳಗೂ ಹೊರಗೂ ಬೆರಳಾಡಿಸಿ, "ಇದು ಯುದ್ಧಕಾಲದ್ದು ಅಂತ ಯಾರು ಹೇಳಿದ್ದು ಸಾರ್?" ಎಂದಳು.

"ಮಾರಿದವನೇ ಹೇಳಿದ."

ಅವಳು ಒಳಗಿಂದ ಒಂದೆಳೆ ದಾರ ಕಿತ್ತು ಬೆಂಕಿಕಡ್ಡಿ ಗೀರಿದಳು. "ಹತ್ತಿ ದಾರ ಸುಟ್ರೆ ಬೂದಿ ಆಗುತ್ತೆ. ಇದು ನೋಡಿ, ಕರಗಿ ಮಣಿ ಆಯ್ತು. ಈಗಿನ ಕಾಲದ ದಾರ ಇದು. ಇನ್ನು ಸವೆದಿರೋದು ನೋಡಿ. ಮೊಣಕೈ ಹೊಸದರ ಹಾಗಿದೆ, ಬೆನ್ನು ಸವೆದುಹೋಗಿದೆ. ಬೆನ್ನ ಮೇಲೆ ತೆವಳ್ಕೊಂಡು ಯುದ್ಧ ಮಾಡಿದ್ನಾ ಪುಣ್ಯಾತ್ಮ? ಯಾರೋ ಉಪ್ಪುಕಾಗದ ತಗೊಂಡು ಉಜ್ಜಿದ್ದಾರೆ."

ವಕೀಲರಿಗೆ ಮೋಸಹೋದ ಬೇಜಾರಿಗಿಂತ ಇಂಥವಳೊಬ್ಬಳು ಸಿಕ್ಕ ಖುಷಿಯೇ ಹೆಚ್ಚಾಯಿತು. ಹುಚ್ಚರ ಸುದ್ದಿ ಹುಚ್ಚರಿಗೆ ಬೇಗ ತಲುಪುತ್ತದೆ. ಜಾಕೆಟ್ ಕೂಡಿಡುವವರೆಲ್ಲ ಒಬ್ಬೊಬ್ಬರಾಗಿ ಓಣಿಗೆ ಬರತೊಡಗಿದರು. ಗಂಡ ಕಿಟಕಿಯ ಕಡೆಯಿಂದಲೇ ಹೇಳುತ್ತಿದ್ದ: "ಇವಳ ಮುಂದೆ ಸುಳ್ಳು ಹೇಳಬೇಡಿ ಸಾರ್. ಇಪ್ಪತ್ತು ವರ್ಷದಿಂದ ಪ್ರಯತ್ನ ಮಾಡ್ತಿದ್ದೀನಿ, ಒಂದೂ ದಕ್ಕಿಲ್ಲ."

ಒಂದು ಬೆಳಿಗ್ಗೆ ವಕೀಲರು ತಮ್ಮ ಪಕ್ಕದ ಮನೆಯ ದಂಪತಿಯನ್ನು ಕರೆತಂದರು. ತಾತನಿಗೆ ಎಂಬತ್ತೆರಡು. ಯುದ್ಧದ ದಿನಗಳಲ್ಲಿ ವಿಮಾನದೊಳಗೆ ಕೂತು ರೇಡಿಯೋ ನೋಡಿಕೊಂಡವರು. ಬೀದಿಯವರೆಲ್ಲ ಅವರನ್ನು ರೇಡಿಯೋ ತಾತ ಎನ್ನುತ್ತಿದ್ದರು. ಯುದ್ಧದ ಕತೆ ಶುರುಮಾಡಿದರೆ ನಿಲ್ಲಿಸುವುದಿಲ್ಲ ಎಂಬುದೂ ಆ ಹೆಸರಿಗೆ ಕಾರಣವಾಗಿತ್ತು. ಅಜ್ಜಿ ಜಾಕೆಟ್ಟನ್ನು ಹಳೇ ದಿಂಬಿನ ಚೀಲದಲ್ಲಿ ಹಾಕಿ ತಂದಿದ್ದರು.

"ಪುರಭವನದಲ್ಲಿ ಹಳೇ ಸಾಮಾನಿನ ಪ್ರದರ್ಶನ ಇಡ್ತಿದ್ದೀವಿ" ಎಂದರು ವಕೀಲರು. "ಇದನ್ನೂ ಇಡೋಣ ಅಂದ್ಕೊಂಡಿದ್ದೆ. ಹೊರಗಿಂದ ಬಂದ ತಜ್ಞರೊಬ್ಬರು ನೋಡಿ, ಎರಡು ಜಾಕೆಟ್ ಕತ್ತರಿಸಿ ಒಂದು ಮಾಡಿದ್ದು, ನಕಲಿ ಅಂದುಬಿಟ್ರು. ಅಳತೆಯೂ ತಾತನದಲ್ಲವಂತೆ."

"ನಕಲಿ ಅಂದಿದ್ದು ಜಾಕೆಟ್ಟಿಗಲ್ಲಮ್ಮ, ನನಗೆ" ಎಂದರು ತಾತ. "ಇದನ್ನ ಹಾಕ್ಕೊಂಡು ಎಷ್ಟು ಸಲ ಮೇಲೆ ಹೋಗಿ ಬಂದಿದ್ದೀನಿ ಗೊತ್ತಾ? ಈಗ ಮೊಮ್ಮಕ್ಕಳೂ ನಗ್ತಾರೆ."

"ಒಂದ್ಸಲ ಹಾಕ್ಕೊಂಡು ತೋರಿಸಿ ತಾತ."

ತಾತ ಹಾಕಿಕೊಂಡರು. ಗುಬ್ಬಿ ಮೈಯ ಮನುಷ್ಯ ಅವರು. ಜಾಕೆಟ್ಟಿನೊಳಗೆ ಇನ್ನೊಬ್ಬ ತಾತ ಆರಾಮಾಗಿ ಕೂರಬಹುದಿತ್ತು. ವಕೀಲರು ಬೇರೆ ಕಡೆ ನೋಡಿದರು. ಗಂಡನ ಹೊಲಿಗೆ ಯಂತ್ರವೂ ನಿಂತಿತು.

"ಆಗ ಸರಿಯಾಗಿತ್ತು" ಎಂದರು ತಾತ ಮೆಲ್ಲಗೆ. "ಕ್ಯಾಂಪಿನ ದರ್ಜಿ ಅಳತೆ ತಗೊಂಡು ಹೋಗಿ ವಾರದ ಮೇಲೆ ತಂದುಕೊಟ್ಟಿದ್ದ. ಊರಿಗೆ ಬಂದ ಮೇಲೆ ಪೆಟ್ಟಿಗೆಗೆ ಹಾಕಿಟ್ಟೆ. ಎಷ್ಟೋ ವರ್ಷ ಆದ್ಮೇಲೆ ತೆಗೆದು ಹಾಕ್ಕೊಂಡ್ರೆ ಹೀಗೆ. ನಾನೇ ಸೊರಗಿಬಿಟ್ಟಿದ್ದೀನಿ ಅಂತ ಇವಳು ಹೇಳಿದ್ಲು."

ಜಿಪ್ಪಕ್ಕ ಜಾಕೆಟ್ಟನ್ನು ಮೇಜಿನ ಮೇಲೆ ಹರಡಿ ಕನ್ನಡಕ ಏರಿಸಿದಳು. ಕುದುರೆಯ ಚರ್ಮ, ಅದರಲ್ಲಿ ಅನುಮಾನವಿಲ್ಲ. ಕಾಲರಿನ ದಾರ ಸುಟ್ಟಳು, ಬೂದಿ. ಜೇಬಿನ ದಾರವೂ ಬೂದಿ. ಪಕ್ಕದ ಹೊಲಿಗೆಯ ದಾರ ಸುಟ್ಟರೆ ಕರಗಿ ಮಣಿಯಾಯಿತು. ಆ ಹೊಲಿಗೆಯ ಉದ್ದಕ್ಕೂ ಎರಡು ಬೆರಳಗಲದ ಚರ್ಮ ಕಪ್ಪಗೆ ಹೊಸದರಂತೆ ಹೊಳೆಯುತ್ತಿತ್ತು, ಉಳಿದದ್ದೆಲ್ಲ ಬಿಸಿಲಿಗೆ ಮಾಸಿತ್ತು. ತಜ್ಞರು ಎರಡು ಜಾಕೆಟ್ ಅಂದಿದ್ದು ಇದನ್ನು ನೋಡಿಯೇ. ಅವರದೂ ತಪ್ಪಲ್ಲ ಅಂದುಕೊಂಡಳು.

ಆಮೇಲೆ ಕಣ್ಣು ಮುಚ್ಚಿ, ಕಪ್ಪು ಪಟ್ಟಿಯೂ ಮಾಸಿದ ಚರ್ಮವೂ ಸೇರುವ ಗಡಿಯಲ್ಲಿ ಬೆರಳು ಹಾಯಿಸಿದಳು. ಸಣ್ಣಗೆ ತರಿತರಿ. ಇನ್ನೊಂದು ಸಲ ಹಾಯಿಸಿದಳು. ಅವಳ ಮುಖ ಅರಳಿತು.

"ರೀ, ಟಾರ್ಚ್ ಕೊಡಿ!"

ಜಾಕೆಟ್ಟಿನ ಒಳಗಿಂದ ಟಾರ್ಚ್ ಹಿಡಿದಾಗ ಚರ್ಮದ ಮೇಲೆ ಬೆಳಕಿನ ಚುಕ್ಕಿಗಳು ಸಾಲಾಗಿ ಮೂಡಿದವು. ಕಂಕುಳಿಂದ ಸೊಂಟದವರೆಗೆ ನೆಟ್ಟಗೆ ಒಂದು ಗೆರೆ.

"ಬಟ್ಟೆಗೆ ಬಿದ್ದ ಸೂಜಿ ತೂತು ಮುಚ್ಚಿಹೋಗುತ್ತೆ, ಚರ್ಮಕ್ಕೆ ಬಿದ್ದಿದ್ದು ಮುಚ್ಚಲ್ಲ" ಎಂದಳು ಜಿಪ್ಪಕ್ಕ. "ನಿಮ್ಮ ದರ್ಜಿ ಜಾಣ, ತಾತ. ದೊಡ್ಡ ಜಾಕೆಟ್ಟನ್ನ ನಿಮ್ಮ ಅಳತೆಗೆ ಸಣ್ಣ ಮಾಡುವಾಗ ಹೆಚ್ಚಿನ ಚರ್ಮ ಕತ್ತರಿಸದೆ ಒಳಗೆ ಮಡಚಿ, ಇಗೋ ಇಲ್ಲಿ ಹೊಲಿದಿದ್ದ. ಒಳಗಿದ್ದಿದ್ದಕ್ಕೆ ಬಿಸಿಲು ಬೀಳಲಿಲ್ಲ, ಅದಕ್ಕೇ ಕಪ್ಪಗಿದೆ. ಆಮೇಲೆ ಯಾರೋ ಈ ಹೊಲಿಗೆ ಬಿಚ್ಚಿ, ಅಗಲ ಮಾಡಿ, ಮನೆ ದಾರದಲ್ಲಿ ಹೊಲಿದಿದ್ದಾರೆ. ಅಚ್ಚುಕಟ್ಟಾದ ಕೈ. ಯಾರದು?"

ಅಂಗಡಿಯಲ್ಲಿ ಅಜ್ಜಿಯೊಬ್ಬರೇ ಛಾವಣಿ ನೋಡುತ್ತಿದ್ದರು.

"ಏ ಇವಳೇ" ಎಂದರು ತಾತ.

"ಏನೀಗ?" ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ದೊಡ್ಡವನು ಕಾಲೇಜಿನ ನಾಟಕದಲ್ಲಿ ಪೈಲಟ್ ಆಗಿದ್ದ. ಅವನೋ ಬಾಗಿಲಷ್ಟು ಅಗಲ. ಅಪ್ಪನನ್ನ ಕೇಳಿದ್ರೆ ಕೊಡ್ತಾರಾ? ನೀವು ಆಫೀಸಿಗೆ ಹೋದಾಗ ಬಿಚ್ಚಿ ಹೊಲಿದೆ. ವಾಪಸ್ ಸಣ್ಣ ಮಾಡೋಣ ಅಂದ್ಕೊಂಡೆ, ಕೈ ನೋಯ್ತು, ಬಿಟ್ಟೆ."

"ಮತ್ತೆ ನಾನು ಸೊರಗಿದ್ದೀನಿ ಅಂತ ದಿನಾ ಎರಡೆರಡು ಮೊಟ್ಟೆ ತಿನ್ನಿಸಿದ್ಯಲ್ಲ!"

"ತಿಂದಿದ್ದಕ್ಕೇ ಇನ್ನೂ ಗಟ್ಟಿಯಾಗಿದ್ದೀರಿ."

ಮೊದಲು ನಕ್ಕವರು ತಾತನೇ. ಕೋಲು ಕೆಳಗೆ ಬಿದ್ದರೂ ನಗು ನಿಲ್ಲಲಿಲ್ಲ. ವಕೀಲರು ಗೋಡೆ ಹಿಡಿದು ನಕ್ಕರು. ಗಂಡ ಕಣ್ಣೊರೆಸಿಕೊಳ್ಳುತ್ತ, "ನೋಡೇ, ಅಜ್ಜಿಗೆ ಸುಳ್ಳು ದಕ್ಕಿದೆ!" ಎಂದ.

ಜಿಪ್ಪಕ್ಕ ಅಲ್ಲೇ ಕೂತು ಅಜ್ಜಿಯ ಹೊಲಿಗೆ ಬಿಚ್ಚಿದಳು. ಮೇಣ ಉಜ್ಜಿದ ಹತ್ತಿ ದಾರವನ್ನು ಹಳೇ ತೂತುಗಳಲ್ಲೇ ಒಂದೊಂದಾಗಿ ತೂರಿಸಿದಳು. ಹೊಸ ತೂತು ಒಂದನ್ನೂ ಮಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎರಡೂ ಪಕ್ಕ ಮುಗಿದವು. ತಾತ ತೋಳು ತೂರಿಸಿ ಜಿಪ್ಪು ಎಳೆದುಕೊಂಡರು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಗಂಡನ ನಿಲುವುಗನ್ನಡಿಯ ಮುಂದೆ ನಿಂತಾಗ ಅವರ ಬೆನ್ನು ತಾನಾಗಿ ನೆಟ್ಟಗಾಯಿತು. ಅಜ್ಜಿ ಹತ್ತಿರ ಹೋಗಿ ಕಾಲರ್ ಸರಿಮಾಡಿದರು. "ಹೆಣ್ಣು ನೋಡೋಕೆ ಬಂದಾಗ ಹೀಗೇ ಇದ್ರಿ" ಎಂದರು.

ಜಿಪ್ಪಕ್ಕ ಬರೆದುಕೊಟ್ಟ ಚೀಟಿಯಲ್ಲಿ ಎರಡೇ ಸಾಲು: 'ಜಾಕೆಟ್ ಅಪ್ಪಟ ಯುದ್ಧಕಾಲದ್ದು. ಇವರದೇ.' ತಜ್ಞರು ಸುದ್ದಿ ಕೇಳಿ ತಾವೇ ಅಂಗಡಿಗೆ ಬಂದು, ಟಾರ್ಚ್ ಹಿಡಿದು ಒಳಗೆ ಮಡಚಿದ ಕಪ್ಪು ಪಟ್ಟಿಯನ್ನೂ ಹಳೇ ತೂತುಗಳಲ್ಲೇ ಕೂತ ಹೊಲಿಗೆಯನ್ನೂ ನೋಡಿದರು. ತಾತನ ಕೈ ಹಿಡಿದು ಕ್ಷಮೆ ಕೇಳಿದರು. ಆಮೇಲೆ ಜಿಪ್ಪಕ್ಕನ ಎದುರು ಸ್ಟೂಲ್ ಎಳೆದುಕೊಂಡು, ಬೆರಳಿನಿಂದ ಹೇಗೆ ನೋಡುತ್ತೀರಿ, ನನಗೂ ಕಲಿಸಿ ಎಂದರು. ಕಣ್ಣಿಗೆ ಬಟ್ಟೆ ಕಟ್ಟಬೇಕಾಗುತ್ತದೆ ಎಂದಳು ಅವಳು. ಕಟ್ಟಿ ಎಂದರು ಅವರು.

ಪ್ರದರ್ಶನ ಮೂರು ದಿನ ನಡೆಯಿತು. ಜಾಕೆಟ್ಟಿಗೆಂದು ಹೊಡೆದ ಮೊಳೆ ಖಾಲಿಯಾಗಿಯೇ ಇತ್ತು, ಏಕೆಂದರೆ ತಾತ ಅದನ್ನು ಬಿಚ್ಚಲೇ ಇಲ್ಲ. ಮೊಳೆಯ ಕೆಳಗೆ ಕುರ್ಚಿ ಹಾಕಿಕೊಂಡು, ಬಂದವರಿಗೆಲ್ಲ ಮೋಡದ ಮೇಲಿನ ಕತೆ ಹೇಳಿದರು. ಪಕ್ಕದಲ್ಲಿ ಅಜ್ಜಿ ಬೀಸಣಿಗೆ ಬೀಸುತ್ತ, "ಮುಟ್ಟಿ ನೋಡಿ, ಪರವಾಗಿಲ್ಲ. ಬಿಚ್ಚಿ ಅಂತ ಮಾತ್ರ ಕೇಳಬೇಡಿ" ಎನ್ನುತ್ತಿದ್ದರು.