ಕೆಂಪು ಗೀಟಿನ ಲೋಟ

ಲಾಸ್ ಏಂಜಲೀಸ್‌ನ ಮೆಕ್ಸಿಕನ್ನರ ಓಣಿಯಲ್ಲಿ ನಮ್ಮ ಮನೆ. ಗಂಡಾಗಿ ಹುಟ್ಟಿ ಹೆಣ್ಣಾದೆವೆಂದು ಹೆತ್ತವರು ಹೊರಗಟ್ಟಿದವರೇ ನಾವೆಲ್ಲ. ಗೌನು, ವಿಗ್ಗು, ಲಿಪ್‌ಸ್ಟಿಕ್ಕು, ಎಲ್ಲವೂ ಎಲ್ಲರದು. ನಮ್ಮಲ್ಲೊಬ್ಬಳಾದ ಅಸುಸೇನಾಗೆ ಎಚ್‌ಐವಿ ಎಂದು ತಿಳಿದ ದಿನ ಮಾತ್ರ, ನಾವು ಅಮ್ಮ ಎನ್ನುವ ಹಿರಿಯಳು ಕೊರಾಲಿಯಾ ಪ್ಲಾಸ್ಟಿಕ್ ಲೋಟವೊಂದಕ್ಕೆ ನೇಲ್ ಪಾಲಿಶಿನಲ್ಲಿ ಕೆಂಪು ಗೀಟೆಳೆದಳು.

"ಇನ್ಮೇಲೆ ಇದು ನಿಂದು ಕಣೇ. ಗಾಜಿನ ಲೋಟ ಮುಟ್ಬೇಡ."

"ಲೋಟದಿಂದ ಅಂಟಲ್ಲಮ್ಮಾ, ಡಾಕ್ಟ್ರೇ ಹೇಳಿದಾರೆ," ಎಂದಳು ಅಸುಸೇನಾ.

ಯಾರು ಕೇಳಬೇಕು? ನಮ್ಮೆಲ್ಲರ ಗೌನು ಹೊಲಿಯುತ್ತ ಅವಳು ಕೊನೆಯವರೆಗೂ ಅದರಲ್ಲೇ ಕುಡಿದಳು. ಸತ್ತದ್ದು ಆ ಕಾಯಿಲೆಯಿಂದಲ್ಲ, ಲಾರಿ ಗುದ್ದಿ.

ನವೆಂಬರಿನಲ್ಲಿ ಸತ್ತವರನ್ನು ಮನೆಗೆ ಕರೆಯುವ ಹಬ್ಬ ಬಂತು. ಕೊರಾಲಿಯಾ ತೀರಿಹೋದ ನಮ್ಮವರೆಲ್ಲರ ಫೋಟೊಗಳ ಮುಂದೆ ಚೆಂಡುಹೂ ಸುರಿದು, ಅವರು ಬಂದು ಕುಡಿಯಲೆಂದು ಗಾಜಿನ ಲೋಟಗಳಲ್ಲಿ ನೀರಿಟ್ಟಳು. ಬೆಳಿಗ್ಗೆ ನೋಡಿದರೆ ಉಳಿದ ಲೋಟಗಳಲ್ಲಿ ನೀರು ಇಳಿದಿತ್ತು. ಅಸುಸೇನಾಳದು ಮಾತ್ರ ತುಂಬಿದ್ದ ಹಾಗೇ ಇತ್ತು.

"ಯಾಕೆ ಕುಡೀಲಿಲ್ಲ ಇವಳು?" ಕೊರಾಲಿಯಾ ಆ ಲೋಟವನ್ನೆತ್ತಿ ನೋಡಿದಳು.

"ಮುಟ್ಬೇಡ ಅಂದಿದ್ದು ನೀನೇ ತಾನೇ ಅಮ್ಮಾ?" ಎಂದು ರೇಗಿ, ಸಿಂಕಿನ ಕೆಳಗೆ ತಿಂಗಳುಗಳಿಂದ ಬಿದ್ದಿದ್ದ ಪ್ಲಾಸ್ಟಿಕ್ ಲೋಟ ತಂದು ಅವಳ ಕೈಗೆ ತುರುಕಿದೆ.

ಈಗಷ್ಟೇ ಕುಡಿದಿಟ್ಟಂತೆ ಅದರ ಒಳಗೆ ಇನ್ನೂ ಒದ್ದೆಯಿತ್ತು.