ಚಾಚಾರ ಬಿಸಿನೀರು

ಕಟಕೋಳದ ಹತ್ರ ಕಲ್ಲಿನ ಕ್ವಾರಿಯೊಳಗ ನಾ ಬಂಡೆಗಲ್ಲಿಗೆ ತೂತು ಹಾಕೋ ಹೈಡ್ರಾಲಿಕ್ ಡ್ರಿಲ್ ನಡಸ್ತೇನಿ. ಒಂದು ಥಂಡಿ ಮುಂಜಾನಿ ಅದರ ಎಣ್ಣಿ ಸೋರಾಕ ಹತ್ತಿತು. ಒಳಗಿನ ಸೀಲು, ಅಂದ್ರ ಎಣ್ಣಿ ತಡಿಯೋ ಉಂಗುರ, ಹರಿದಿತ್ತು. ಹೊಸಾದನ್ನ ಸ್ಕ್ರೂಡ್ರೈವರಿನಿಂದ ಒತ್ತಿ ಕೂಡಸಾಕ ಹೋಗಿ ಎರಡು ಕೆಡಿಸಿದೆ. ಉಳಿದದ್ದು ಒಂದ. ಅದೂ ಹೋದ್ರ ಬೆಳಗಾವಿಯಿಂದ ಬ್ಯಾರೇದು ಬರೋತನಕ ಎಲ್ಲಾರ ಕೆಲಸ ಬಂದ್.

ಚಹಾ ಮಾರಾಕ ಬಂದಿದ್ದ ಮಾಬುಸಾಬ ಚಾಚಾ ನಿಂತು ನೋಡಿದರು. "ಸ್ಕ್ರೂಡ್ರೈವರ್ ಕೆಳಗ ಇಡ್ರಿ. ಸೀಲು ಇಲ್ಲಿ ಕೊಡ್ರಿ."

"ಚಾಚಾ, ಇದು ಚಹಾ ಮಾಡಿದಂಗ ಅಲ್ರಿ," ಅಂದೆ, ಸಿಟ್ಟಿನ್ಯಾಗ.

ಅವರು ಗ್ಲಾಸ್ ತೊಳಿಯೋ ಡಬರಿಗೆ ಥರ್ಮಾಸಿನ ಬಿಸಿನೀರು ಸುರುವಿ ಸೀಲು ಅದರಾಗ ಬಿಟ್ಟರು. ಸ್ವಲ್ಪ ಹೊತ್ತಿನ್ಯಾಗ ಅದು ಮೆತ್ತಗಾತು. ಒರಸಿ, ಎಣ್ಣಿ ಸವರಿ, ಬರೇ ಬೆರಳಿಂದ ಕೂಡಿಸಿದರು.

"ಥಂಡ್ಯಾಗ ಇದು ಸೆಟಕೊಂಡಿರತೈತಿ. ಹಿಂದ ಟ್ರ್ಯಾಕ್ಟರ್ ರಿಪೇರಿ ಮಾಡುವಾಗ ನಾನೂ ಭಾಳ ಕೆಡಿಸೇನಿ."

ಮಷೀನ್ ಚಾಲೂ ಆತು, ಒಂದು ಹನಿ ಸೋರಲಿಲ್ಲ. ನಾ ಕೈ ಮುಗಿದೆ. "ಮೊದಲ ಚಹಾ ಕುಡೀರಿ, ಆರತೈತಿ," ಅಂದರು.

ಈಗ ನನ್ನ ಪಾನಾ, ಸ್ಕ್ರೂಡ್ರೈವರ್ ಇಡೋ ಪೆಟ್ಟಿಗ್ಯಾಗ ಯಾವಾಗಲೂ ಒಂದು ಥರ್ಮಾಸ್ ಇರತೈತಿ. ನನಗ ಚಹಾದ ಹುಚ್ಚು ಅಂತ ಮಾಲಕರು ತಿಳಕೊಂಡಾರ. ನಾನೂ ಬಿಡಿಸಿ ಹೇಳಿಲ್ಲ.